ಯಾರ ಹಣ?

ಉದ್ಯಮಿಗಳ ಚಾರಿತ್ರ್ಯವನ್ನು ಹೊಗಳುವಾಗ ನಾವು ಅವರ ಸರಳ ಉಡುಪು, ದಾನಧರ್ಮ, ಸಭೆಯ ಮಾತುಗಳನ್ನು ನೆನೆಯುತ್ತೇವೆ. ಲೆಕ್ಕಪುಸ್ತಕ ತೆರೆದು ನೋಡುವ ಗೋಜಿಗೆ ಹೋಗುವುದಿಲ್ಲ.

ದಾಸನಕೊಪ್ಪದ ಕಡೆಯ ಬೆಳೆಗಾರ ಅಡಿಕೆ ಮೂಟೆ ಹೊತ್ತು ಶಿರಸಿಗೆ ಬಂದರೆ ಕೇಳುವುದು ಸರಿಯಾದ ತೂಕ, ಬಹಿರಂಗ ಟೆಂಡರ್, ಹೇಳಿದ ದಿನಕ್ಕೆ ಹಣ. 1923ರಲ್ಲಿ ಅಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು. ಆ ಸಂಘದ ತೆರಿಗೆ ವ್ಯಾಜ್ಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ನೀಡಿತು. ಸದಸ್ಯರಿಗೆ ಸಲ್ಲಬೇಕಾದ ಮಾರಾಟದ ಹಣ ಸಂಘದಲ್ಲಿ ಉಳಿದು ಠೇವಣಿಯಾಗಿತ್ತು. ಅದರ ಬಡ್ಡಿಗೆ ಸಹಕಾರಿ ವಿನಾಯಿತಿ ಇಲ್ಲವೆಂದಿತು ನ್ಯಾಯಾಲಯ. ವಂಚನೆಯ ಮಾತು ಅಲ್ಲಿರಲಿಲ್ಲ. ನಮ್ಮ ಗಮನ ಸೆಳೆಯುವುದು ತೀರ್ಪಿನ ಒಂದು ಸಣ್ಣ ಅಂಶ: ಆ ಹಣವನ್ನು ಸಂಘ ತನ್ನ ಅಢಾವೆ ಪತ್ರಿಕೆಯಲ್ಲಿ ಕೊಡತಕ್ಕ ಬಾಕಿಯೆಂದೇ ತೋರಿಸಿತ್ತು. ತೆರಿಗೆಯಲ್ಲಿ ಸೋತರೂ, ಪರರ ಹಣ ಪರರದೆಂಬ ಸಾಲು ಪುಸ್ತಕದಲ್ಲಿತ್ತು.

ಆ ಸಾಲು ಮರೆತರೆ ಏನಾಗುತ್ತದೆಂದು ನಮ್ಮ ಸಮುದಾಯ ಬೆಂಗಳೂರಿನಲ್ಲಿ ಕಂಡಿದೆ. 2006ರಲ್ಲಿ ಆರಂಭವಾದ ಐ.ಎಂ.ಎ. ಸಂಸ್ಥೆ, ಇದು ಬಡ್ಡಿಯಲ್ಲ, ಹಲಾಲ್ ಲಾಭವೆಂದು ಹೇಳಿ ಸಾವಿರಾರು ಕುಟುಂಬಗಳ ಉಳಿತಾಯ ಸಂಗ್ರಹಿಸಿತು. 2019ರ ಜೂನ್‌ನಲ್ಲಿ ಅದು ಕುಸಿಯಿತು. ದುಬೈಗೆ ಹೋದ ಮುಖ್ಯಸ್ಥ ಮನ್ಸೂರ್ ಖಾನ್ ಜುಲೈಯಲ್ಲಿ ದಿಲ್ಲಿಯಲ್ಲಿ ಬಂಧಿತರಾದರು. ಹೊಸಬರ ಹಣದಿಂದಲೇ ಹಳಬರಿಗೆ ಲಾಭ ಹಂಚಲಾಗುತ್ತಿತ್ತೆಂದು ತನಿಖೆ ಆರೋಪಿಸಿತು. ಮಗಳ ಮದುವೆಗೆಂದು ಕೂಡಿಟ್ಟವರೂ, ನಿವೃತ್ತಿಯ ಗಂಟು ತಂದಿಟ್ಟವರೂ ಮುಚ್ಚಿದ ಬಾಗಿಲ ಮುಂದೆ ನಿಂತರು.

ಅದೇ ಸಂಸ್ಥೆ ಶಿವಾಜಿನಗರದ ಸರಕಾರಿ ಶಾಲೆಯೊಂದನ್ನು ನವೀಕರಿಸಿತ್ತು. ಶಾಲೆ ಚೆನ್ನಾಗಿಯೇ ಆಯಿತು, ಅದನ್ನು ಒಪ್ಪೋಣ. ನಾವು ಆ ಕಟ್ಟಡವನ್ನು ನೋಡಿ ಮೆಚ್ಚಿದೆವು. ತಿಂಗಳು ತಿಂಗಳು ಬರುವ ಲಾಭ ಯಾವ ವ್ಯಾಪಾರದ್ದೆಂದು ಕೇಳಲು ಮಾತ್ರ ಸಂಕೋಚಪಟ್ಟೆವು.