ಲೇಖಕನ ಸಾಮಾನೋ, ಲೇಖಕನ ಕಾಗದವೋ

ಚಿತ್ರಶಾಲೆಗೆ ಹೋದವರು ಚಿತ್ರವನ್ನೇ ನೋಡಿ ಬರುತ್ತಾರೆ. ಸಾಹಿತ್ಯದ ಮ್ಯೂಸಿಯಮ್ಮಿಗೆ ಹೋದವರಿಗೆ ಕಾದಂಬರಿ ಕಾಣುವುದಿಲ್ಲ. ಓದುವ ಹೊತ್ತಿನಲ್ಲಿ ಮಾತ್ರ ಜೀವ ತಳೆಯುವ ಅದನ್ನು ಗೋಡೆಗೆ ತೂಗುಹಾಕಲು ಬರುವುದಿಲ್ಲ. ಹಾಗಾಗಿ ಇಂಥ ಕಡೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಕನ್ನಡಕ, ಪೆನ್ನು, ಕುರ್ಚಿ, ಕೋಟು. ಡಬ್ಲಿನ್ನಿನ ಪಾರ್ನೆಲ್ ಚೌಕದಲ್ಲಿ 1991ರಲ್ಲಿ ತೆರೆದ ರೈಟರ್ಸ್ ಮ್ಯೂಸಿಯಂ ಕೂಡ ಬಹುಮಟ್ಟಿಗೆ ಇದೇ ಜಾಡಿನದಾಗಿತ್ತು. ನಾಟಕಕಾರ ಸ್ಯಾಮ್ಯುಯೆಲ್ ಬೆಕೆಟ್ ಬಳಸಿದ ಟೆಲಿಫೋನು, ಕತೆಗಾರ್ತಿ ಮೇರಿ ಲ್ಯಾವಿನ್ ಅವರ ಟೆಡ್ಡಿ ಬೊಂಬೆ ಅಲ್ಲಿದ್ದವು. ನೋಡುವುದಕ್ಕೆ ಚೆಂದ, ನಿಜ. ಆದರೆ ಆ ಟೆಲಿಫೋನಿನಿಂದ ಬೆಕೆಟ್ಟನ ಒಂದು ವಾಕ್ಯವೂ ಹೆಚ್ಚು ಅರ್ಥವಾಗುವುದಿಲ್ಲ. 2020ರಲ್ಲಿ ಮುಚ್ಚಿದ ಆ ಮ್ಯೂಸಿಯಂ ಮತ್ತೆ ತೆರೆಯಲೇ ಇಲ್ಲ. ಅದಕ್ಕೆ ಮೊದಲೇ, 2019ರ ಸೆಪ್ಟೆಂಬರಿನಲ್ಲಿ, ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ಅಂಚಿನಲ್ಲಿ ಮ್ಯೂಸಿಯಂ ಆಫ್ ಲಿಟರೇಚರ್ ಐರ್ಲೆಂಡ್ ಶುರುವಾಯಿತು. ಎಲ್ಲರೂ ಕರೆಯುವುದು ‘ಮೋಲಿ’ ಎಂದು. ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ ಮತ್ತು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಕೂಡಿ ನಡೆಸುವ ಈ ಮ್ಯೂಸಿಯಂ ಲೇಖಕ ಮುಟ್ಟಿದ ಸಾಮಾನಿಗಿಂತ ಲೇಖಕ ತಿದ್ದಿದ ಕಾಗದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ಸಾಹಿತ್ಯದ ಮ್ಯೂಸಿಯಮ್ಮಿಗೆ ಇದೊಂದೇ ಸರಿಯಾದ ದಾರಿ ಎಂಬುದು ನನ್ನ ವಾದ.

ಇಲ್ಲಿನ ಮುಖ್ಯ ಆಕರ್ಷಣೆ ಜೇಮ್ಸ್ ಜಾಯ್ಸ್‌ನ ‘ಯುಲಿಸಿಸ್’ ಕಾದಂಬರಿಯ ಮೊದಲ ಮುದ್ರಣದ ಒಂದನೇ ಪ್ರತಿ. ನೀಲಿ ಹೊದಿಕೆ, ಬಿಳಿ ಅಕ್ಷರ. ಗ್ರೀಕ್ ಬಾವುಟದ ಬಣ್ಣವೇ ಬೇಕೆಂದು ಜಾಯ್ಸ್ ಹಟ ಹಿಡಿದಿದ್ದ. ಅಚ್ಚಾದದ್ದು ಒಂದು ಸಾವಿರ ಪ್ರತಿ, ಅದರಲ್ಲಿ ಮೊದಲ ನೂರಕ್ಕೆ ಲೇಖಕನ ಸಹಿ. ಒಂದನೆಯದನ್ನು ಜಾಯ್ಸ್ ಬರೆದುಕೊಟ್ಟದ್ದು ಹ್ಯಾರಿಯೆಟ್ ಷಾ ವೀವರ್ ಎಂಬ ಇಂಗ್ಲಿಷ್ ಮಹಿಳೆಗೆ. ವರ್ಷಗಟ್ಟಲೆ ಅವನ ಸಂಸಾರ ಸಾಗಿದ್ದು ಬಹುಪಾಲು ಆಕೆಯ ಹಣದಿಂದ. ಕಾದಂಬರಿಯನ್ನು ಇಂಗ್ಲೆಂಡಿನಲ್ಲೇ ಪ್ರಕಟಿಸಬೇಕೆಂದು ಆಕೆ ಹೆಣಗಿದ್ದೂ ಉಂಟು. ಅಶ್ಲೀಲವೆಂದು ಮೊಕದ್ದಮೆ ಬಿದ್ದರೆ ಅಲ್ಲಿನ ಕಾನೂನಿನಲ್ಲಿ ಅಚ್ಚು ಹಾಕಿದವನೂ ಸಿಕ್ಕಿಬೀಳುತ್ತಿದ್ದನಾದ್ದರಿಂದ ಯಾವ ಮುದ್ರಕನೂ ಒಪ್ಪಲಿಲ್ಲ. ಕೊನೆಗೆ ಪ್ಯಾರಿಸ್ಸಿನಲ್ಲಿ ಪುಸ್ತಕದಂಗಡಿ ಇಟ್ಟಿದ್ದ ಅಮೆರಿಕದ ಸಿಲ್ವಿಯಾ ಬೀಚ್ ಹೊಣೆ ಹೊತ್ತಳು. ಡಿಜಾನ್ ಪಟ್ಟಣದಲ್ಲಿ ಅಚ್ಚಾದ ಮೊದಲ ಪ್ರತಿಗಳು 1922ರ ಫೆಬ್ರವರಿ 2ರಂದು, ಜಾಯ್ಸ್‌ಗೆ ನಲವತ್ತು ತುಂಬಿದ ದಿನ, ರೈಲಿನಲ್ಲಿ ಪ್ಯಾರಿಸ್ಸಿಗೆ ಬಂದವು. ಡಬ್ಲಿನ್ನಿನ ಒಂದು ದಿನದ ಕತೆ ಹೊರಬರಲು ಇಂಗ್ಲೆಂಡಿನ ಹಣ, ಅಮೆರಿಕದವಳ ಧೈರ್ಯ, ಇಂಗ್ಲಿಷ್ ಬಾರದ ಫ್ರೆಂಚ್ ಮೊಳೆಜೋಡಕರ ಬೆರಳು ಎಲ್ಲವೂ ಬೇಕಾಯಿತು. ಇಷ್ಟನ್ನೂ ಆ ಒಂದು ಪ್ರತಿ ಹೇಳುತ್ತದೆ. ಟೆಲಿಫೋನು ಹೇಳದು.

ಹಾಗಾದರೆ ಒಂದನೇ ಪ್ರತಿಯೂ ಗಾಜಿನ ಪೆಟ್ಟಿಗೆಯಲ್ಲಿಟ್ಟ ಪೂಜಾವಸ್ತುವೇ ತಾನೇ, ಪುಟ ತಿರುವಿ ಓದುವಂತಿಲ್ಲವಲ್ಲ ಎಂದು ಯಾರಾದರೂ ಕೇಳಬಹುದು. ಆಕ್ಷೇಪ ಅರ್ಧ ಸರಿ. ಆ ಪ್ರತಿ ಒಂದೇ ಇದ್ದಿದ್ದರೆ ನಾನೂ ಒಪ್ಪುತ್ತಿದ್ದೆ. ಆದರೆ ಅದರ ಜೊತೆಗೆ ಕಾದಂಬರಿಗಾಗಿ ಜಾಯ್ಸ್ ಇಟ್ಟುಕೊಂಡ ಕೈಬರಹದ ಟಿಪ್ಪಣಿ ಪುಸ್ತಕಗಳೂ ಇಲ್ಲಿವೆ. ಕೇಳಿದ ಮಾತು, ಓದಿದ ಪದ, ಹೊಳೆದ ತುಣುಕು ಎಲ್ಲವನ್ನೂ ಗೀಚಿಟ್ಟು, ಕಾದಂಬರಿಯೊಳಗೆ ಬಳಸಿಕೊಂಡ ಮೇಲೆ ಕೆಂಪು, ನೀಲಿ, ಹಸಿರು ಬಳಪದಿಂದ ಹೊಡೆದುಹಾಕುವುದು ಅವನ ಕ್ರಮ. ಅಂಗಡಿಯ ಚೋಪಡಿಯಲ್ಲಿ ವಸೂಲಾದ ಬಾಕಿಗೆ ಗೀಟು ಎಳೆದ ಹಾಗೆ. ಪ್ರತಿಭೆಯೆಂದರೆ ಉಕ್ಕಿ ಹರಿಯುವ ಬುಗ್ಗೆ ಎಂದುಕೊಂಡವರು ಆ ಗೀಟುಗಳನ್ನು ನೋಡಬೇಕು. ಕಾದಂಬರಿಯ ಸುಮಾರು ಮೂರನೇ ಒಂದು ಭಾಗ ಹುಟ್ಟಿದ್ದೇ ಪ್ರೂಫ್ ಹಾಳೆಗಳ ಅಂಚಿನಲ್ಲಿ. ಮುದ್ರಕ ಕಳಿಸಿದಷ್ಟೂ ಜಾಯ್ಸ್ ಸೇರಿಸುತ್ತಲೇ ಹೋದ. ಇದರ ಫಲವಾಗಿ ಅಚ್ಚಿನ ತಪ್ಪುಗಳು ಎಷ್ಟಾದವೆಂದರೆ, ಓದುಗರು ಮನ್ನಿಸಬೇಕೆಂಬ ಪ್ರಕಾಶಕರ ಕೋರಿಕೆ ಮೊದಲ ಮುದ್ರಣದಲ್ಲೇ ಇದೆ. ಈ ಹಸ್ತಪ್ರತಿಗಳಲ್ಲಿ ಅನೇಕವನ್ನು ರಾಷ್ಟ್ರೀಯ ಗ್ರಂಥಾಲಯ ಅಂತರ್ಜಾಲಕ್ಕೂ ಹಾಕಿದೆ, ಮನೆಯಲ್ಲೇ ನೋಡಬಹುದಲ್ಲ ಎನ್ನುವವರಿಗೆ ನನ್ನ ಉತ್ತರ: ಖಂಡಿತ ನೋಡಿ, ಅಧ್ಯಯನಕ್ಕೆ ಅದೇ ವಾಸಿ. ಆದರೆ ಏನನ್ನು ಹುಡುಕಬೇಕೆಂಬುದು ತಿಳಿಯದ ಸಾಮಾನ್ಯ ಓದುಗರನ್ನು ಆ ಹಾಳೆಗಳ ಮುಂದೆ ತಂದು ನಿಲ್ಲಿಸುವುದು ಮ್ಯೂಸಿಯಮ್ಮಿನ ಕೆಲಸ.

ಮೋಲಿ ಇರುವ ಕಟ್ಟಡವೂ ಒಂದು ದಾಖಲೆಯೇ. ನ್ಯೂಮನ್ ಹೌಸ್ ಎಂಬ ಈ ಜೋಡಿಮನೆ ಹಿಂದೆ ಕ್ಯಾಥೊಲಿಕ್ ವಿಶ್ವವಿದ್ಯಾಲಯದ್ದು. 1898ರಿಂದ 1902ರವರೆಗೆ ಜಾಯ್ಸ್ ಓದಿದ್ದು ಇಲ್ಲೇ. ಅವನಿಗೂ ಮೊದಲು, 1884ರಿಂದ, ಜೆರಾರ್ಡ್ ಮ್ಯಾನ್ಲಿ ಹಾಪ್ಕಿನ್ಸ್ ಎಂಬ ಪಾದ್ರಿ ಕವಿ ಇಲ್ಲಿ ಗ್ರೀಕ್ ಪಾಠ ಹೇಳುತ್ತ, ರಾಶಿಗಟ್ಟಲೆ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತ ಬಸವಳಿದು, 1889ರಲ್ಲಿ ವಿಷಮಶೀತಜ್ವರದಿಂದ ತೀರಿಕೊಂಡ. ಅವನ ಕವಿತೆಗಳ ಸಂಕಲನ ಬಂದದ್ದು 1918ರಲ್ಲಿ.

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಬದುಕಿದ್ದಾಗ ಲೇಖಕರನ್ನು ಸತಾಯಿಸಿದ ದೇಶ ಈಗ ಅವರ ಹೆಸರಿನಲ್ಲಿ ಟಿಕೆಟ್ ಮಾರುತ್ತಿದೆ ಎಂಬುದು. ಅಲ್ಲಗಳೆಯಲು ಬರುವುದಿಲ್ಲ. 1929ರಲ್ಲಿ ಪುಸ್ತಕಗಳನ್ನು ನಿಷೇಧಿಸಲೆಂದೇ ಐರ್ಲೆಂಡ್ ಕಾನೂನು ಮಾಡಿತು. 1960ರಲ್ಲಿ ಎಡ್ನಾ ಓಬ್ರಿಯನ್ ಅವರ ‘ದಿ ಕಂಟ್ರಿ ಗರ್ಲ್ಸ್’, 1965ರಲ್ಲಿ ಜಾನ್ ಮ್ಯಾಕ್‌ಗಾಹರ್ನ್ ಅವರ ‘ದಿ ಡಾರ್ಕ್’ ಅದಕ್ಕೆ ಬಲಿಯಾದವು. ಮ್ಯಾಕ್‌ಗಾಹರ್ನ್ ಮೇಷ್ಟರ ಕೆಲಸವನ್ನೂ ಕಳೆದುಕೊಂಡರು. 1941ರಲ್ಲಿ ಜ್ಯೂರಿಕ್‌ನಲ್ಲಿ ಜಾಯ್ಸ್ ಸತ್ತಾಗ ಅಂತ್ಯಕ್ರಿಯೆಗೆ ಐರ್ಲೆಂಡ್ ಸರ್ಕಾರದ ಒಬ್ಬ ಪ್ರತಿನಿಧಿಯೂ ಇರಲಿಲ್ಲ. ದೇಹವನ್ನು ತಾಯ್ನಾಡಿಗೆ ತರಬೇಕೆಂಬ ಹೆಂಡತಿ ನೋರಾಳ ಬೇಡಿಕೆಯೂ ಈಡೇರಲಿಲ್ಲ. ವೀವರ್ ತನ್ನ ಬಳಿಯಿದ್ದ, ಜಾಯ್ಸ್‌ನ ಕೊನೆಯ ಕಾದಂಬರಿ ‘ಫಿನೆಗನ್ಸ್ ವೇಕ್’ನ ಹಸ್ತಪ್ರತಿಗಳನ್ನು ಡಬ್ಲಿನ್ನಿಗೆ ಕೊಡಲು ಬಯಸಿದಾಗ ನೋರಾ ಬೇಡವೆಂದಳು. ಅವು ಲಂಡನ್ನಿನ ಪಾಲಾದವು. ‘ಯುಲಿಸಿಸ್’ನ ಒಂದನೇ ಪ್ರತಿಯನ್ನು ಮಾತ್ರ ವೀವರ್ ಐರ್ಲೆಂಡಿಗೆ ಕೊಟ್ಟಳು. 2002ರಲ್ಲಿ ಜಾಯ್ಸ್‌ನ ಒಂದು ಕಂತೆ ಹಸ್ತಪ್ರತಿಗಳಿಗೆ ಅದೇ ಐರ್ಲೆಂಡ್ 1.26 ಕೋಟಿ ಯೂರೋ ತೆತ್ತಿತು. ದೇಶದ ಅಸಡ್ಡೆಯ ಲೆಕ್ಕ ಹೀಗೆ ಸಿಗುವುದೂ ಕಾಗದಗಳಿಂದಲೇ: ಯಾವುದು ಯಾವ ಊರಿನಲ್ಲಿದೆ, ಯಾಕಿದೆ ಎಂದು ಕೇಳಿದರೆ ಸಾಕು. ಕನ್ನಡಕ, ಕೋಟುಗಳಿಂದ ಇಂಥ ಸಾಕ್ಷ್ಯ ಹೊರಡುವುದಿಲ್ಲ.

ಜಾಯ್ಸ್ ಒಬ್ಬನದೇ ಭರಾಟೆ ಅತಿಯಾಯಿತು ಎಂಬ ದೂರಿಗೆ ನನ್ನ ಬಳಿ ಪೂರ್ತಿ ಸಮಾಧಾನವಿಲ್ಲ. ಐರಿಷ್ ನುಡಿಯ ಬರಹ ಅರಸುವವರು ಕೆರಿ ಸೀಮೆಯ ಬ್ಲಾಸ್ಕೆಟ್ ಕೇಂದ್ರಕ್ಕೇ ಹೋಗುವುದು ಮೇಲು. ನಮ್ಮ ಕನ್ನಡಿಗರಿಗಂತೂ ಹುಡುಕಲು ಇನ್ನೊಂದು ಹೆಸರಿದೆ: ಜೇಮ್ಸ್ ಕಸಿನ್ಸ್. 1904ರ ಜೂನ್‌ನಲ್ಲಿ ಜಾಯ್ಸ್ ಒಂದೆರಡು ರಾತ್ರಿ ತಂಗಿದ್ದು ಈ ಕವಿಯ ಮನೆಯಲ್ಲಿ. ಸಸ್ಯಾಹಾರಿಗಳ ಆ ಮನೆಯೂಟ ಅವನಿಗೆ ಒಗ್ಗಲಿಲ್ಲ. ಐರಿಷ್ ಸಾಹಿತ್ಯ ಚರಿತ್ರೆಯಲ್ಲಿ ಅಡಿಟಿಪ್ಪಣಿಯಾಗಿ ಉಳಿದ ಇದೇ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1924ರಲ್ಲಿ ಮೈಸೂರಿನಲ್ಲಿ ತರುಣ ಕುವೆಂಪು ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ತಾಯ್ನುಡಿಯಲ್ಲಿ ಬರೆಯಿರಿ ಎಂದವರು ಅವರೇ. ಆ ಭೇಟಿಯನ್ನು ಯಾವುದಾದರೂ ಮ್ಯೂಸಿಯಂ ತೋರಿಸಹೊರಟರೆ ಕುವೆಂಪು ಅವರ ಪೆನ್ನನ್ನಾಗಲಿ ಕಸಿನ್ಸರ ಟೊಪ್ಪಿಗೆಯನ್ನಾಗಲಿ ಅರಸಬೇಕಿಲ್ಲ. ಅವರ 1922ರ ಇಂಗ್ಲಿಷ್ ‘ಬಿಗಿನರ್ಸ್ ಮ್ಯೂಸ್’ ಮತ್ತು 1924ರ ಕನ್ನಡದ ‘ಅಮಲನ ಕಥೆ’ ಎಂಬ ಎರಡು ಪುಟ್ಟ ಪುಸ್ತಕಗಳನ್ನು ಪಕ್ಕಪಕ್ಕ ಬಿಡಿಸಿಟ್ಟರಾಯಿತು.