ಬೆಲೆ ಕೇಳದೆ ಕೊಳ್ಳುವ ಸರಕು



ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಜನರಿಗೆ ವ್ಯಾಪಾರವನ್ನು ಯಾರೂ ಕಲಿಸಬೇಕಾಗಿಲ್ಲ. ಅಡತಿ ಅಂಗಡಿಯಲ್ಲಿ ತೊಗರಿ ಚೀಲದ ಬಾಯಿ ಬಿಚ್ಚಿದೊಡನೆ ಕೊಳ್ಳುವವನು ಮೇಲಿನ ಕಾಳನ್ನಷ್ಟೇ ನೋಡಿ ಸುಮ್ಮನಾಗುವುದಿಲ್ಲ. ಮೊಣಕೈವರೆಗೆ ಕೈಯಿಳಿಸಿ ಒಳಗಿನ ಕಾಳನ್ನು ಮೇಲೆ ತರುತ್ತಾನೆ, ಒಂದನ್ನು ಹಲ್ಲಿಗಿಟ್ಟು ಕಡಿದು ಹಸಿಯೋ ಒಣಗಿದೆಯೋ ಪರೀಕ್ಷಿಸುತ್ತಾನೆ. ದರದ ಮಾತು ಆಮೇಲಿನದು. ಮಾರುವ ರೈತನೂ ಅಷ್ಟೇ, ತೂಕ ಮುಗಿಯುವವರೆಗೆ ಅತ್ತಿತ್ತ ಕಣ್ಣು ಹಾಯಿಸುವುದಿಲ್ಲ. ಇಷ್ಟು ಎಚ್ಚರವುಳ್ಳ ಜನ ಒಂದು ಸರಕನ್ನು ಮಾತ್ರ ಚೀಲ ಬಿಚ್ಚಿಸದೆ, ದರ ವಿಚಾರಿಸದೆ ಕೊಳ್ಳುವುದನ್ನು ನಾನು 2019ರ ಏಪ್ರಿಲ್ ತಿಂಗಳಲ್ಲಿ ಕಂಡೆ. ಆ ಸರಕು ಯುದ್ಧ.

ಆಳಂದ ತಾಲ್ಲೂಕು ಬೀದರ್ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ. ಆ ವರ್ಷ ಅಲ್ಲಿ ಮತದಾನ ನಡೆದದ್ದು ಏಪ್ರಿಲ್ 23ರಂದು. ಅದಕ್ಕೆ ಕೆಲವು ದಿನ ಮೊದಲು ಜಿಡಗಾದ ಒಂದು ಚಹಾ ಹೋಟೆಲಿನಲ್ಲಿ ಕುಳಿತಿದ್ದೆ. ಹಿಂದಿನ ಹಂಗಾಮಿನಲ್ಲಿ ಮಳೆ ಕೈಕೊಟ್ಟಿತ್ತು. ತೊಗರಿಗೆ ಸರ್ಕಾರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲಿಗೆ 5,675 ರೂಪಾಯಿ. ಅದು ಎಷ್ಟು ಜನರ ಕೈಗೆ ಬಂತು ಎಂದು ಹಿರಿಯರೊಬ್ಬರು ಮಾತು ತೆಗೆದರು. ಪಕ್ಕದ ಬೆಂಚಿನಲ್ಲಿದ್ದ ಯುವಕ ತಕ್ಷಣ ತಡೆದ: “ಕಾಕಾ, ತೊಗರಿ ಮಾತು ಈಗ್ಯಾಕ? ಈ ಸಲ ದೇಶದ ಮಾತದ.” ಹಿರಿಯರು ಬಸಿಯಲ್ಲಿ ಉಳಿದಿದ್ದ ಚಹಾ ಕುಡಿದು ಎದ್ದು ಹೋದರು. ಆ ಯುವಕನದು ಮೊದಲ ಮತ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಆ ಮಾತು ಅವನಲ್ಲಿಗೆ ಎಲ್ಲಿಂದ ಬಂತು ಎಂದು ಅಂದಿನಿಂದ ಯೋಚಿಸುತ್ತಲೇ ಇದ್ದೇನೆ.

ಫೆಬ್ರವರಿ 14ರಂದು ಪುಲ್ವಾಮಾದಲ್ಲಿ ಕೇಂದ್ರ ಮೀಸಲು ಪೊಲೀಸ್ ಪಡೆಯ 40 ಯೋಧರ ಹತ್ಯೆಯಾಯಿತು. ಅವರಲ್ಲೊಬ್ಬರು ನಮ್ಮ ಮಂಡ್ಯ ಜಿಲ್ಲೆಯವರು. ಆ ಘೋರ ಕೃತ್ಯವನ್ನು ಖಂಡಿಸದವರಿಲ್ಲ. ಪ್ರಜೆಗಳನ್ನು ರಕ್ಷಿಸಿಕೊಳ್ಳುವ ಹಕ್ಕು ರಾಷ್ಟ್ರಕ್ಕಿದೆ ಎಂಬುದನ್ನು ಧರ್ಮಸಭೆಯೂ ಒಪ್ಪುತ್ತದೆ. ಫೆಬ್ರವರಿ 26ರಂದು ನಮ್ಮ ವಾಯುಪಡೆ ಬಾಲಾಕೋಟ್ ಮೇಲೆ ದಾಳಿ ನಡೆಸಿತು. ಆ ದಾಳಿಯ ಸರಿತಪ್ಪು ಇಲ್ಲಿಯ ವಿಷಯವಲ್ಲ. ಅದರ ಮರುದಿನ ನಡೆದದ್ದನ್ನು ಗಮನಿಸಿ. ಫೆಬ್ರವರಿ 27ರಂದು ವಿಂಗ್ ಕಮಾಂಡರ್ ಅಭಿನಂದನ್ ಶತ್ರುಗಳ ಕೈಗೆ ಸಿಕ್ಕಿಬಿದ್ದರು. ಅದೇ ದಿನ ಚಿತ್ರದುರ್ಗದಲ್ಲಿ, ಆಗ ಭಾರತೀಯ ಜನತಾ ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ಬಿ. ಎಸ್. ಯಡಿಯೂರಪ್ಪನವರು, ಈ ದಾಳಿಯಿಂದ ಪಕ್ಷದ ಪರವಾಗಿ ಅಲೆ ಎದ್ದಿದೆಯೆಂದೂ ಕರ್ನಾಟಕದ 28 ಸ್ಥಾನಗಳಲ್ಲಿ 22ಕ್ಕೂ ಹೆಚ್ಚು ಗೆಲ್ಲಲು ನೆರವಾಗುವುದೆಂದೂ ಲೆಕ್ಕ ಹೇಳಿದರು. ಅವರದೇ ಪಕ್ಷದ ಕೇಂದ್ರ ಸಚಿವ, ಹಿಂದೆ ಭೂಸೇನೆಯ ಮುಖ್ಯಸ್ಥರಾಗಿದ್ದ ವಿ. ಕೆ. ಸಿಂಗ್ ಇದನ್ನು ಬಹಿರಂಗವಾಗಿ ಒಪ್ಪಲಿಲ್ಲ. ತಮ್ಮ ಮಾತನ್ನು ಸಂದರ್ಭದಿಂದ ಬೇರ್ಪಡಿಸಲಾಗಿದೆ ಎಂದು ಯಡಿಯೂರಪ್ಪನವರು ಆಮೇಲೆ ಸ್ಪಷ್ಟೀಕರಣ ಕೊಟ್ಟರು. ಫಲಿತಾಂಶ ಬಂದಾಗ ಪಕ್ಷಕ್ಕೆ 25 ಸ್ಥಾನಗಳು ದೊರೆತಿದ್ದವು. ಇದೊಂದೇ ಕಾರಣದಿಂದ ಎಂದು ನಾನು ಹೇಳಲಾರೆ. ಆದರೆ ಯೋಧನೊಬ್ಬ ಸೆರೆಯಲ್ಲಿದ್ದ ದಿನವೇ ವರಮಾನದ ಅಂದಾಜು ಹಾಕುವ ಬುದ್ಧಿ ಅಂಗಡಿಯದು.

ಚುನಾವಣಾ ಆಯೋಗವು ಮಾರ್ಚ್ 9 ಮತ್ತು 19ರಂದು, ಪ್ರಚಾರಕ್ಕೆ ಯೋಧರ ಚಿತ್ರಗಳನ್ನಾಗಲಿ ಸೇನೆಯ ಕಾರ್ಯಾಚರಣೆಗಳನ್ನಾಗಲಿ ಬಳಸಬಾರದೆಂದು ಪಕ್ಷಗಳಿಗೆ ತಿಳಿಸಿತ್ತು. ಹಾಗಿದ್ದೂ ಏಪ್ರಿಲ್ 9ರಂದು, ನಮ್ಮ ಗಡಿಯಾಚೆಗಿನ ಲಾತೂರ್ ಜಿಲ್ಲೆಯ ಔಸಾದಲ್ಲಿ, ಮೊದಲ ಬಾರಿ ಮತ ಹಾಕುವವರು ತಮ್ಮ ಮತವನ್ನು ಬಾಲಾಕೋಟ್ ದಾಳಿ ನಡೆಸಿದ ವೀರರಿಗೆ, ಪುಲ್ವಾಮಾದ ಹುತಾತ್ಮರಿಗೆ ಸಮರ್ಪಿಸಬಲ್ಲರೇ ಎಂದು ಪ್ರಧಾನಿ ನರೇಂದ್ರ ಮೋದಿಯವರು ಕೇಳಿದರು. ಇದರಲ್ಲಿ ನಿಯಮಭಂಗವಿಲ್ಲವೆಂದು ಆಯೋಗ ತೀರ್ಮಾನಿಸಿತು. ಮೂವರು ಆಯುಕ್ತರಲ್ಲಿ ಅಶೋಕ್ ಲವಾಸಾ ಒಬ್ಬರು ಭಿನ್ನಾಭಿಪ್ರಾಯ ತಾಳಿದರು. ನಿಯಮದ ಮಾತು ಹಾಗಿರಲಿ. ಸತ್ತವರಿಗೆ ಸಮರ್ಪಿಸಿದ ಮತವನ್ನು ಎಣಿಸಿಕೊಳ್ಳುವವರು ಬದುಕಿರುವ ಅಭ್ಯರ್ಥಿಗಳೇ ಅಲ್ಲವೇ? ‘ಸಮರ್ಪಣೆ’ ನಮಗೆ ಬಲಿಪೀಠದ ಮಾತು. ಅದನ್ನು ಪ್ರಚಾರದ ವೇದಿಕೆಯಲ್ಲಿ ಕೇಳಿದಾಗ, ಒಬ್ಬ ಗುರುವಾಗಿ, ನನಗೆ ಮುಜುಗರವಾಯಿತು.

ಈ ವಿದ್ಯೆ ನಮ್ಮಲ್ಲಿ ಹುಟ್ಟಿದ್ದಲ್ಲ. 2002ರಲ್ಲಿ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರ ಕಚೇರಿಯ ಮುಖ್ಯಸ್ಥ ಆಂಡ್ರ್ಯೂ ಕಾರ್ಡ್ ಅವರನ್ನು ಪತ್ರಕರ್ತರು, ಇರಾಕ್ ಮೇಲಿನ ಯುದ್ಧದ ಪರ ಪ್ರಚಾರ ಸೆಪ್ಟೆಂಬರಿಗೇ ಏಕೆ ಆರಂಭವಾಯಿತೆಂದು ಕೇಳಿದರು. ಮಾರಾಟದ ದೃಷ್ಟಿಯಿಂದ ನೋಡಿದರೆ ಹೊಸ ಸರಕನ್ನು ಆಗಸ್ಟಿನಲ್ಲಿ ಯಾರೂ ಮಾರುಕಟ್ಟೆಗೆ ತರುವುದಿಲ್ಲ ಎಂಬುದು ಅವರ ಉತ್ತರವಾಗಿತ್ತು. ಅವರು ಮೊದಲು ಮೋಟಾರು ಕಂಪನಿಯೊಂದರ ಉಪಾಧ್ಯಕ್ಷರಾಗಿದ್ದವರು. ಸದ್ಯ, ಒಬ್ಬರಾದರೂ ಸತ್ಯ ನುಡಿದರು! 2003ರ ಮಾರ್ಚ್‌ನಲ್ಲಿ ಯುದ್ಧ ನಡೆದೇಹೋಯಿತು. ಯಾವ ವಿನಾಶಕಾರಿ ಅಸ್ತ್ರಗಳ ಭಯ ತೋರಿಸಿ ಅದನ್ನು ಮಾರಿದ್ದರೋ ಆ ಅಸ್ತ್ರಗಳ ಸಂಗ್ರಹ ಇರಾಕಿನಲ್ಲಿ ಸಿಗಲಿಲ್ಲ. ಸರಕನ್ನು ಹಿಂದಿರುಗಿಸುವ ದಾರಿ ಮಾತ್ರ ಇರಲಿಲ್ಲ.

ಸಾಬೂನು ಮಾರುವವನು ಸಾಬೂನನ್ನು ಹೊಗಳುವುದು ಕಡಿಮೆ, ಅದನ್ನು ಹಚ್ಚಿಕೊಂಡವರ ಚೆಲುವನ್ನು ತೋರಿಸುವುದೇ ಹೆಚ್ಚು. ಯುದ್ಧ ಮಾರುವವರೂ ಯುದ್ಧವನ್ನು ತೋರಿಸುವುದಿಲ್ಲ. ಕೊಂಡವನಿಗೆ ತಾನೂ ಶೂರನೆಂಬ ಭಾವನೆ ಹುಟ್ಟಬೇಕು, ಅಷ್ಟೇ. 2019ರಲ್ಲಿ ಸೂರತ್‌ನಲ್ಲಿ ವಾಯುದಾಳಿಯ ಚಿತ್ರ ಮುದ್ರಿಸಿದ ಸೀರೆಗಳೇ ತಯಾರಾದವು. ಮೊದಲು ಭಯ ಹುಟ್ಟಿಸುವುದು, ಆಮೇಲೆ ಅಭಯ ಕೊಡುವುದು, ಒಂದೇ ಘೋಷಣೆಯನ್ನು ನೂರು ಸಲ ಹೇಳಿಸುವುದು, ಇವೆಲ್ಲ ಹಳೆಯ ಅಂಗಡಿಯ ಉಪಾಯಗಳು. ಹೊಸದೊಂದಿದೆ. ಬೇರೆ ಯಾವ ಅಂಗಡಿಯಲ್ಲೂ ದರ ಕೇಳಿದ ಗಿರಾಕಿಯನ್ನು ದ್ರೋಹಿ ಎನ್ನುವುದಿಲ್ಲ. ಇಲ್ಲಿ ಅನ್ನುತ್ತಾರೆ. ಜಿಡಗಾದ ಆ ಹಿರಿಯರು ಬಾಯಿ ಮುಚ್ಚಿಕೊಂಡು ಎದ್ದುಹೋದದ್ದು ಇದಕ್ಕೇ.

ಇದು ಒಂದೇ ಪಕ್ಷದ ದೋಷವೆಂದು ಯಾರೂ ಭಾವಿಸಬೇಕಾಗಿಲ್ಲ. ಬಾಂಗ್ಲಾ ಯುದ್ಧದ ಗೆಲುವಿನ ಬೆನ್ನಿಗೇ ಬಂದ 1972ರ ವಿಧಾನಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ದುರ್ಗೆಯಾಗಿ ಕೊಂಡಾಡಿದ್ದನ್ನು ಹಿರಿಯ ಓದುಗರು ನೆನೆಯಬಲ್ಲರು. ಅಂದಿನ ಮೈಸೂರು ರಾಜ್ಯದ 216 ಸ್ಥಾನಗಳಲ್ಲಿ 165 ಅವರ ಪಕ್ಷದ ಪಾಲಾದವು. 2019ರ ಮೇ 2ರಂದು ಅದೇ ಕಾಂಗ್ರೆಸ್ ಪಕ್ಷ, ತನ್ನ ಸರ್ಕಾರವೂ ಆರು ಸರ್ಜಿಕಲ್ ದಾಳಿಗಳನ್ನು ನಡೆಸಿತ್ತೆಂದು ಪಟ್ಟಿಯನ್ನೇ ಬಿಡುಗಡೆ ಮಾಡಿತು. ಎದುರು ಅಂಗಡಿಯ ವ್ಯಾಪಾರ ಜೋರಾದದ್ದನ್ನು ಕಂಡು ಅದೇ ಸರಕನ್ನು ತಾನೂ ತಂದಿಟ್ಟಂತೆ. ಪ್ರಶ್ನಿಸಬೇಕಾಗಿದ್ದ ವಿರೋಧ ಪಕ್ಷ ಪೈಪೋಟಿಗಿಳಿದ ಮೇಲೆ ಮತದಾರನ ಪರವಾಗಿ ದರ ಕೇಳುವವರು ಯಾರು?

ದರ ಎಷ್ಟೆಂಬುದು ನಮಗೆ 2025ರಲ್ಲಿ ತುಸು ಹತ್ತಿರದಿಂದಲೇ ತಿಳಿಯಿತು. ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನರನ್ನು ಕೊಂದರು, ಕನ್ನಡಿಗರೂ ಅವರಲ್ಲಿದ್ದರು. ಮೇ 7ರಂದು ‘ಆಪರೇಷನ್ ಸಿಂಧೂರ’ ನಡೆಯಿತು. ಅದೇ ದಿನ ರಿಲಯನ್ಸ್ ಸಮೂಹದ ಜಿಯೋ ಸ್ಟುಡಿಯೋಸ್‌ನಿಂದ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಳ್ಳಲು ಅರ್ಜಿ ಹೋಯಿತು. ಕಿರಿಯ ಉದ್ಯೋಗಿಯೊಬ್ಬರ ಅಚಾತುರ್ಯವೆಂದು ಹೇಳಿ ಮರುದಿನ ಹಿಂದಕ್ಕೆ ಪಡೆದರು. ಹೆಸರು ಕೇಳಿದೊಡನೆ ವ್ಯಾಪಾರ ಹೊಳೆಯುವಷ್ಟು ನಮ್ಮ ಮನಸ್ಸು ಪಳಗಿದೆ! ಅದೇ ಬೆಳಿಗ್ಗೆ ಪೂಂಛ್‌ನಲ್ಲಿ, ಕಾರ್ಮೆಲೈಟ್ ಗುರುಗಳು ನಡೆಸುವ ಕ್ರೈಸ್ಟ್ ಶಾಲೆಯ ಹಿಂಬದಿಗೆ ಪಾಕಿಸ್ತಾನದ ಶೆಲ್ ಬಿತ್ತು. ಆ ಶಾಲೆಯ ಇಬ್ಬರು ಮಕ್ಕಳು, ಅವಳಿಗಳು, ತಮ್ಮ ಮನೆಯ ಬಳಿಯೇ ಸತ್ತರು. ಕನ್ಯಾಮಠವೊಂದರ ಮೇಲೂ ಶೆಲ್ ಬಿತ್ತು. ಕೊಂಡವರು ನಾವು ಕಲಬುರಗಿಯಲ್ಲಿ, ಬೆಂಗಳೂರಿನಲ್ಲಿ ಟಿ.ವಿ. ಮುಂದೆ ಕುಳಿತಿದ್ದೆವು, ಹಣ ತೆತ್ತವರು ಪೂಂಛ್‌ನವರು.

ಸಂತ ಲೂಕರ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಪ್ರಭು ಯೇಸು ಒಬ್ಬ ಅರಸನ ಉದಾಹರಣೆ ಕೊಡುತ್ತಾರೆ. ಇಪ್ಪತ್ತು ಸಾವಿರ ಸೈನಿಕರೊಡನೆ ಬರುವವನನ್ನು ತನ್ನ ಹತ್ತು ಸಾವಿರದಿಂದ ಎದುರಿಸಬಲ್ಲೆನೇ ಎಂದು ಆತ ಮೊದಲು ಕುಳಿತು ಆಲೋಚಿಸುತ್ತಾನೆ. ಆಗದೆನಿಸಿದರೆ, ಶತ್ರು ಇನ್ನೂ ದೂರದಲ್ಲಿರುವಾಗಲೇ ರಾಯಭಾರಿಗಳನ್ನು ಕಳುಹಿಸುತ್ತಾನೆ. ಶಿಷ್ಯತ್ವದ ಬೆಲೆ ಕುರಿತ ಸಾಮತಿಯಿದು, ಬಲ್ಲೆ. ಆದರೂ ಆ ‘ಕುಳಿತು’ ಎಂಬ ಮಾತು ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಪ್ರಚಾರ ಸಭೆಯಲ್ಲಿ ಯಾರೂ ಕುಳಿತು ಆಲೋಚಿಸಲು ಬಿಡುವುದಿಲ್ಲ. ಎದ್ದು ನಿಂತು ಘೋಷಣೆ ಕೂಗಿಸುತ್ತಾರೆ. 2003ರ ಜನವರಿ 13ರಂದು ಜಗದ್ಗುರು ಎರಡನೇ ಜಾನ್ ಪಾಲ್ ಅವರು ರಾಯಭಾರಿಗಳ ಮುಂದೆ, ಯುದ್ಧ ಯಾವಾಗಲೂ ಮಾನವಕುಲದ ಸೋಲೇ ಎಂದು ನುಡಿದಾಗ ಆ ಮಾತಿಗೆ ಮಾರುಕಟ್ಟೆ ಇರಲಿಲ್ಲ.

ಇನ್ನೊಂದು ಸಂಗತಿಯಿದೆ. ಅಭಿನಂದನ್ ಸೆರೆಸಿಕ್ಕ ಆ ಫೆಬ್ರವರಿ 27ರಂದೇ ಕಾಶ್ಮೀರದ ಬಡ್ಗಾಮ್‌ನಲ್ಲಿ ನಮ್ಮ ವಾಯುಪಡೆಯ ಹೆಲಿಕಾಪ್ಟರೊಂದು ಉರುಳಿಬಿತ್ತು. ವಾಯುಪಡೆಯ ಆರು ಮಂದಿ, ನೆಲದ ಮೇಲಿದ್ದ ಒಬ್ಬ ನಾಗರಿಕ ಮೃತಪಟ್ಟರು. ಅದನ್ನು ಹೊಡೆದದ್ದು ನಮ್ಮದೇ ಕ್ಷಿಪಣಿ, ಅದು ದೊಡ್ಡ ತಪ್ಪಾಗಿತ್ತು ಎಂದು ವಾಯುಪಡೆಯ ಮುಖ್ಯಸ್ಥರು ಬಹಿರಂಗವಾಗಿ ಒಪ್ಪಿದ್ದು ಅಕ್ಟೋಬರ್ 4ರಂದು, ಚುನಾವಣೆ ಮುಗಿದು ನಾಲ್ಕು ತಿಂಗಳಾದ ಮೇಲೆ. ಆ ಸುದ್ದಿ ಓದಿದಾಗ ನನಗೆ ನನ್ನದೇ ತಪ್ಪು ಹೊಳೆಯಿತು. ಪುಲ್ವಾಮಾದ ಯೋಧರಿಗಾಗಿ ನಾವು ಬಲಿಪೂಜೆಯಲ್ಲಿ ಪ್ರಾರ್ಥಿಸಿದ್ದೆವು, ಅಭಿನಂದನ್ ಬಿಡುಗಡೆಯಾದಾಗ ಕೃತಜ್ಞತೆ ಸಲ್ಲಿಸಿದ್ದೆವು. ಈ ಏಳು ಮಂದಿಯನ್ನು ನಾನು ಒಮ್ಮೆಯೂ ನೆನೆದಿರಲಿಲ್ಲ. ಅವರ ಚಿತ್ರ ಯಾವ ಭಿತ್ತಿಪತ್ರದಲ್ಲೂ ಇರಲಿಲ್ಲ, ನನ್ನ ಪ್ರಾರ್ಥನೆಯೂ ಭಿತ್ತಿಪತ್ರಗಳನ್ನೇ ಹಿಂಬಾಲಿಸಿತ್ತು.

ಆ ವರ್ಷದ ನವೆಂಬರ್ 2ರಂದು, ಸಕಲ ಮೃತರ ಸ್ಮರಣೆಯ ದಿನ, ಅವರನ್ನು ಪ್ರಾರ್ಥನೆಗೆ ಸೇರಿಸಿಕೊಂಡೆ. ಪೂಜೆ ಮುಗಿದ ಮೇಲೆ ಇಬ್ಬರು ಬಂದು, “ಯಾವ ಏಳು ಮಂದಿರಿ, ಫಾದರ್?” ಎಂದು ಕೇಳಿದರು.