ನಾಮಗಿರಿಯ ಕನಸು, ಮ್ಯಾಕ್‌ಮಹನ್ನರ ಪಟ್ಟಿ: ರಾಮಾನುಜನ್ ಐತಿಹ್ಯದ ವಿಮರ್ಶೆ

ವ್ಯಕ್ತಿಯೊಬ್ಬರ ಬದುಕು ಐತಿಹ್ಯವಾಗಿ ರೂಪಾಂತರಗೊಳ್ಳುವಾಗ ಮೊದಲು ಮರೆಯಾಗುವುದು ಅವರ ದುಡಿಮೆ. ಗಣಿತಜ್ಞ ಶ್ರೀನಿವಾಸ ರಾಮಾನುಜನ್ (1887-1920) ಅವರನ್ನು ಕುರಿತು ಒಂದು ಶತಮಾನದಿಂದ ಪ್ರಚಲಿತವಿರುವ ಕಥನಗಳು ಇದಕ್ಕೆ ಸಮರ್ಪಕ ನಿದರ್ಶನ. ನಾಮಕ್ಕಲ್ಲಿನ ನಾಮಗಿರಿ ತಾಯಿ ಕನಸಿನಲ್ಲಿ ಬಂದು ಸೂತ್ರಗಳನ್ನು ತೋರಿದಳು, ಎಚ್ಚರಗೊಂಡ ಭಕ್ತ ಅವನ್ನು ಬರೆದುಕೊಂಡ ಎಂಬುದು ಈ ಕಥನಗಳ ತಿರುಳು. ಇದು ಜನರ ಬಾಯಲ್ಲಿ ಮಾತ್ರ ಬೆಳೆದುಬಂದದ್ದಲ್ಲ. 1927ರಲ್ಲಿ ಕೇಂಬ್ರಿಜ್‌ನಿಂದ ಪ್ರಕಟವಾದ ಅವರ ಪ್ರಬಂಧಗಳ ಸಂಪುಟಕ್ಕೆ ಪಿ.ವಿ. ಶೇಷು ಅಯ್ಯರ್ ಹಾಗೂ ಆರ್. ರಾಮಚಂದ್ರ ರಾವ್ ಬರೆದ ಜೀವನ ಪರಿಚಯದಲ್ಲಿಯೇ ಅದು ಸ್ಥಾನ ಪಡೆದಿದೆ. ಅಲ್ಲಿಂದ ಮುಂದೆ ಭಾಷಣ, ಪತ್ರಿಕೆ, ಚಲನಚಿತ್ರಗಳ ಮೂಲಕ ಹಬ್ಬಿದ ಈ ಕಥೆ, ಡಿಸೆಂಬರ್ 22ನ್ನು ರಾಷ್ಟ್ರೀಯ ಗಣಿತ ದಿನವಾಗಿ ಆಚರಿಸತೊಡಗಿದ 2012ರ ನಂತರ ಪ್ರತಿವರ್ಷವೂ ಶಾಲೆಗಳಲ್ಲಿ ಮರುಹುಟ್ಟು ಪಡೆಯುತ್ತಿದೆ.

ಕಥೆ ನಿಜವೋ ಸುಳ್ಳೋ ಎಂಬುದು ಜಾನಪದ ಅಧ್ಯಯನದ ಮುಖ್ಯ ಪ್ರಶ್ನೆಯಲ್ಲ. ಅದು ಏನನ್ನು ಹೇಳುತ್ತದೆ, ಯಾರಿಗಾಗಿ ಹೇಳುತ್ತದೆ, ಹೇಳುವ ಭರದಲ್ಲಿ ಏನನ್ನು ಬಿಟ್ಟುಬಿಡುತ್ತದೆ ಎಂಬುದು ಮುಖ್ಯ. ಬಿಟ್ಟುಹೋದದ್ದನ್ನು ಅಳೆಯಬೇಕಾದರೆ ಐತಿಹ್ಯವನ್ನು ಮತ್ತೊಂದು ಐತಿಹ್ಯದೊಡನೆ ಹೋಲಿಸಿದರೆ ಸಾಲದು. ಆ ವ್ಯಕ್ತಿ ಮಾಡಿದ ಕೆಲಸದ ಎದುರಿಗೆ ಅದನ್ನು ನಿಲ್ಲಿಸಬೇಕಾಗುತ್ತದೆ. ರಾಮಾನುಜನ್ನರ ಕೆಲಸಗಳಲ್ಲಿ ಪೂರ್ಣಾಂಕಗಳ ವಿಭಜನೆಯನ್ನು ಕುರಿತದ್ದು ಇದಕ್ಕೆ ಹೆಚ್ಚು ಅನುಕೂಲಕರ. ಅದರ ಆರಂಭದ ಮೆಟ್ಟಿಲುಗಳನ್ನು ಎಣಿಕೆ ಬಲ್ಲ ಯಾರೂ ಹತ್ತಬಹುದು.

ದೈವವೇ ನುಡಿಸಿತು ಎಂಬ ಆಶಯ ಕನ್ನಡದ ಓದುಗರಿಗೆ ಹೊಸದಲ್ಲ. ಕಾಳಿ ಕಾಳಿದಾಸನ ನಾಲಗೆಯ ಮೇಲೆ ಬರೆದ ಕಥೆ ಹಳ್ಳಿಹಳ್ಳಿಗಳಲ್ಲಿದೆ. ಗದುಗಿನ ವೀರನಾರಾಯಣ ದೇಗುಲದಲ್ಲಿ ಕುಮಾರವ್ಯಾಸ ಮಿಂದು ಒದ್ದೆ ಬಟ್ಟೆಯಲ್ಲಿ ಕುಳಿತು, ಅದು ಆರುವವರೆಗೆ ಮಾತ್ರ ಕಾವ್ಯ ನುಡಿಯುತ್ತಿದ್ದನೆಂಬ ಐತಿಹ್ಯವೂ ಪ್ರಸಿದ್ಧವಾದದ್ದು. ಹಲಗೆ ಬಳಪ ಹಿಡಿಯದಿರುವುದನ್ನು ಆ ಕವಿ ತನ್ನ ಹೆಗ್ಗಳಿಕೆಯಾಗಿಯೇ ಹೇಳಿಕೊಂಡಿದ್ದಾನೆ. ರಾಮಾನುಜನ್ನರ ಸಂಗತಿ ಇದಕ್ಕೆ ತೀರ ವಿರುದ್ಧ. ಅವರ ಕೈಯಿಂದ ಹಲಗೆ ಬಳಪ ಬಿಟ್ಟದ್ದೇ ಇಲ್ಲ. ಕಾಗದಕ್ಕೆ ಹಣವಿಲ್ಲದ ಕಾರಣ ಹಲಗೆಯ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಕೊನೆಯ ಫಲಿತವನ್ನಷ್ಟೇ ಪುಸ್ತಕಕ್ಕೆ ಇಳಿಸುತ್ತಿದ್ದುದನ್ನು ಸಮಕಾಲೀನರು ಕಂಡು ಹೇಳಿದ್ದಾರೆ. ಅವರು ಓದಿ ಬೆಳೆದ ಕಾರ್ ಎಂಬವರ ಗಣಿತ ಸಂಗ್ರಹವೂ ಫಲಿತಗಳನ್ನು ಸಾಲುಸಾಲಾಗಿ ಕೊಟ್ಟು ಸಾಧನೆಗಳನ್ನು ಬಹುಪಾಲು ಕೈಬಿಟ್ಟ ಪುಸ್ತಕ. ಹೀಗೆ ನೋಟ್‌ಪುಸ್ತಕಗಳಲ್ಲಿ ಉಳಿದದ್ದು ದಾರಿಯಿಲ್ಲದ ಗುರಿ. ಹಲಗೆಯಿಂದ ಅಳಿಸಿಹೋದ ಜಾಗದಲ್ಲಿಯೇ ದೇವಿ ಬಂದು ನಿಂತಳು ಎಂದರೆ ಅತಿಶಯೋಕ್ತಿಯಾಗಲಾರದು.

ವಿಭಜನೆ ಎಂದರೆ ಒಂದು ಸಂಖ್ಯೆಯನ್ನು ಧನ ಪೂರ್ಣಾಂಕಗಳ ಮೊತ್ತವಾಗಿ ಬರೆಯುವ ಬಗೆ. ಕ್ರಮ ಬದಲಾದರೆ ಬೇರೆ ಎಂದು ಎಣಿಸುವಂತಿಲ್ಲ. 4ನ್ನು 4, 3+1, 2+2, 2+1+1, 1+1+1+1 ಎಂದು ಐದು ಬಗೆಯಲ್ಲಿ ಬರೆಯಬಹುದು. 5ಕ್ಕೆ ಏಳು ಬಗೆ, 6ಕ್ಕೆ ಹನ್ನೊಂದು. 100ಕ್ಕೆ ಬರುವಷ್ಟರಲ್ಲಿ ಬಗೆಗಳ ಸಂಖ್ಯೆ 19,05,69,292 ಆಗುತ್ತದೆ. ಇಷ್ಟನ್ನು ಒಂದೊಂದಾಗಿ ಬರೆದು ಎಣಿಸುವುದು ಮನುಷ್ಯಸಾಧ್ಯವಲ್ಲ. ಬರೆಯದೆ ಎಣಿಸುವ ಉಪಾಯವೇ ಇಲ್ಲಿನ ವಿದ್ಯೆ.

ಅಂಥ ಉಪಾಯಗಳಲ್ಲಿ ಒಂದು ಭಾಜಕಗಳ ಮೊತ್ತವನ್ನು ಅವಲಂಬಿಸಿದೆ. ಒಂದೇ ರಾಶಿಯನ್ನು ಎರಡು ಬಗೆಯಲ್ಲಿ ಅಳೆದು ತಾಳೆ ನೋಡುವ ಕಣದ ಲೆಕ್ಕದಂತೆ ಇದರ ನಡೆ. 4ರ ಐದು ವಿಭಜನೆಗಳಲ್ಲಿ ಬರುವ ಎಲ್ಲ ಅಂಕಿಗಳನ್ನೂ ಕೂಡಿದರೆ ನಾಲ್ಕೈದಲೆ ಇಪ್ಪತ್ತು. ಇದು ಒಂದು ಅಳತೆ. ಇನ್ನೊಂದು ಅಳತೆಯಲ್ಲಿ ವಿಭಜನೆಗಳನ್ನು ಬದಿಗಿಟ್ಟು ಅಂಕಿಗಳನ್ನು ಹಿಡಿಯಬೇಕು. ಒಂದು ಅಂಕಿ ಒಂದು ಸಲವಾದರೂ ಬರುವ ವಿಭಜನೆಗಳೆಷ್ಟು, ಎರಡು ಸಲವಾದರೂ ಬರುವವೆಷ್ಟು ಎಂದು ಕೇಳುತ್ತಾ ಹೋದರೆ, ಪ್ರತಿ ಸಲವೂ ಆ ಅಂಕಿಯ ಅಷ್ಟು ಪ್ರತಿಗಳನ್ನು ತೆಗೆದಿಟ್ಟ ಮೇಲೆ ಉಳಿದದ್ದರ ವಿಭಜನೆಗಳ ಸಂಖ್ಯೆಯೇ ಉತ್ತರವಾಗುತ್ತದೆ. ತೆಗೆದಿಟ್ಟ ಭಾಗ 2 ಆಗಿದ್ದರೆ ಅದು ಎರಡು ಒಂದುಗಳಿರಬಹುದು ಅಥವಾ ಒಂದು ಎರಡಿರಬಹುದು. ಅಂದರೆ ತೆಗೆದಿಟ್ಟ ಭಾಗವನ್ನು ಶೇಷವಿಲ್ಲದೆ ಭಾಗಿಸುವ ಅಂಕಿಗಳು ಮಾತ್ರ ಲೆಕ್ಕಕ್ಕೆ ಬರುತ್ತವೆ, ಪ್ರತಿಯೊಂದೂ ತನ್ನ ಬೆಲೆಯಷ್ಟು ಕೂಡುತ್ತದೆ. ಹೀಗಾಗಿ 1ರ ಭಾಜಕಗಳ ಮೊತ್ತ 1ನ್ನು 3ರ ವಿಭಜನೆಗಳಾದ 3ರಿಂದ, 2ರ ಭಾಜಕಗಳ ಮೊತ್ತ 3ನ್ನು 2ರ ವಿಭಜನೆಗಳಾದ 2ರಿಂದ, 3ರ ಭಾಜಕಗಳ ಮೊತ್ತ 4ನ್ನು 1ರ ಒಂದೇ ವಿಭಜನೆಯಿಂದ, 4ರ ಭಾಜಕಗಳ ಮೊತ್ತ 7ನ್ನು ಏನೂ ಉಳಿಯದ ಒಂದು ಬಗೆಯಿಂದ ಗುಣಿಸಿದರೆ 3, 6, 4, 7. ಕೂಡಿದರೆ ಮತ್ತೆ ಇಪ್ಪತ್ತೇ. ಅದನ್ನು 4ರಿಂದ ಭಾಗಿಸಿದರೆ ಐದು ವಿಭಜನೆಗಳು ತಾವಾಗಿ ದೊರೆಯುತ್ತವೆ. ಚಿಕ್ಕ ಸಂಖ್ಯೆಗಳ ಫಲಿತ ಕೈಯಲ್ಲಿದ್ದರೆ ಇದೇ ಕ್ರಮದಲ್ಲಿ ಯಾವ ಸಂಖ್ಯೆಯವರೆಗೂ ಏರಬಹುದು.

ಹದಿನೆಂಟನೆಯ ಶತಮಾನದ ಆಯ್ಲರ್ ಇದಕ್ಕಿಂತ ಹ್ರಸ್ವವಾದ ದಾರಿಯನ್ನು ಕಂಡಿದ್ದರು. 1, 2, 5, 7, 12, 15 ಹೀಗೆ ಸಾಗುವ ಪಂಚಭುಜ ಸಂಖ್ಯೆಗಳಷ್ಟು ಹಿಂದೆ ಸರಿದು, ಅಲ್ಲಿನ ಫಲಿತಗಳಲ್ಲಿ ಎರಡನ್ನು ಕೂಡಿಸಿ ಎರಡನ್ನು ಕಳೆಯುತ್ತಾ ಹೋಗುವುದು ಆ ದಾರಿ. ಭಾಜಕಗಳ ಮೊತ್ತವೂ ಬಹುಮಟ್ಟಿಗೆ ಇದೇ ನಿಯಮಕ್ಕೆ ಒಳಪಡುತ್ತದೆಂಬ ಅವರ ಶೋಧ ಗಣಿತದ ಇತಿಹಾಸದ ಬೆರಗುಗಳಲ್ಲಿ ಒಂದು. ಬೆಸ ಭಾಗಗಳಷ್ಟೇ ಇರುವ ವಿಭಜನೆಗಳೂ ಯಾವ ಭಾಗವೂ ಮರುಕಳಿಸದ ವಿಭಜನೆಗಳೂ ಸಮಸಂಖ್ಯೆಯಲ್ಲಿರುತ್ತವೆ ಎಂದು ತೋರಿದವರೂ ಅವರೇ. 1883ರಲ್ಲಿ ಗ್ಲೇಷರ್ ಇದನ್ನು ಯಾವುದೇ ಭಾಜಕಕ್ಕೆ ವಿಸ್ತರಿಸಿದರು.

ಆಯ್ಲರನ ದಾರಿಯಲ್ಲಿ ನಡೆದು 200ರವರೆಗಿನ ಪೂರ್ಣ ಪಟ್ಟಿಯನ್ನು ಸಿದ್ಧಪಡಿಸಿದವರು ಪರ್ಸಿ ಮ್ಯಾಕ್‌ಮಹನ್. ರಾಯಲ್ ಆರ್ಟಿಲರಿಯಲ್ಲಿ ಮೇಜರ್ ಆಗಿದ್ದು ನಿವೃತ್ತರಾದವರು. 200ರ ಒಂದು ಉತ್ತರಕ್ಕೇ ಹಿಂದಿನ 22 ಫಲಿತಗಳನ್ನು ಕೂಡಿ ಕಳೆಯಬೇಕು; ಎಲ್ಲಿಯಾದರೂ ಒಂದು ಅಂಕಿ ತಪ್ಪಿದರೆ ಮುಂದಿನದೆಲ್ಲ ತಪ್ಪು. ಕೊನೆಗೆ ಬಂದ ಸಂಖ್ಯೆ 39,72,99,90,29,388. ಹಾರ್ಡಿ ಮತ್ತು ರಾಮಾನುಜನ್ 1918ರಲ್ಲಿ ಪ್ರಕಟಿಸಿದ ತಮ್ಮ ಸೂತ್ರದ ಮೊದಲ ಎಂಟು ಪದಗಳನ್ನು ಕೂಡಿದಾಗ ಇದೇ ಸಂಖ್ಯೆ 0.004ರಷ್ಟು ಹೆಚ್ಚಾಗಿ ಬಂದಿತು. ಮ್ಯಾಕ್‌ಮಹನ್ನರ ಪಟ್ಟಿಯನ್ನು ಆ ಪ್ರಬಂಧದೊಡನೆಯೇ ಅಚ್ಚು ಹಾಕಲಾಯಿತು. 2015ರ ಚಲನಚಿತ್ರವೊಂದು ಈ ಪ್ರಸಂಗವನ್ನು ಮೇಜರರಿಗೂ ರಾಮಾನುಜನ್ನರಿಗೂ ನಡೆದ ಪಂದ್ಯವೆಂಬಂತೆ ಚಿತ್ರಿಸಿತು. ವೀರಕಥೆಗೆ ಎದುರಾಳಿ ಬೇಕು, ನಿಜ. ಆದರೆ ಅಲ್ಲಿ ನಡೆದದ್ದು ಪಂದ್ಯವಲ್ಲ. ಮೇಜರರ ಪಟ್ಟಿ ಇಲ್ಲದಿದ್ದರೆ ಸೂತ್ರ ಎಷ್ಟು ನಿಖರವೆಂದು ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಇನ್ನೂ ಮುಖ್ಯವಾದ ಸಂಗತಿ 1919ರ ಕಿರುಪ್ರಬಂಧದಲ್ಲಿದೆ. 4, 9, 14, 19, 24ರ ವಿಭಜನೆಗಳ ಸಂಖ್ಯೆಗಳು ಕ್ರಮವಾಗಿ 5, 30, 135, 490, 1575. ಎಲ್ಲವೂ 5ರಿಂದ ನಿಶ್ಶೇಷವಾಗಿ ಭಾಗವಾಗುತ್ತವೆ. 5ರಿಂದ ಆರಂಭಿಸಿ ಏಳೇಳು ಏರಿದರೆ 7ರಿಂದ, 6ರಿಂದ ಆರಂಭಿಸಿ ಹನ್ನೊಂದು ಹನ್ನೊಂದು ಏರಿದರೆ 11ರಿಂದ ಭಾಗವಾಗುತ್ತವೆ. ಈ ವಿಶೇಷ ತಮಗೆ ಹೇಗೆ ತೋರಿತೆಂಬುದನ್ನು ರಾಮಾನುಜನ್ ಮುಚ್ಚಿಟ್ಟಿಲ್ಲ. ಮ್ಯಾಕ್‌ಮಹನ್ನರ ಪಟ್ಟಿಯನ್ನು ಪರಿಶೀಲಿಸುವಾಗ ಕಂಡಿತು ಎಂದೇ ಹೇಳಿದ್ದಾರೆ, ಬಳಿಕ 5 ಮತ್ತು 7ಕ್ಕೆ ಸಾಧನೆಯನ್ನೂ ಕೊಟ್ಟಿದ್ದಾರೆ. ಕನಸಿಗೆ ಇಲ್ಲಿ ಎಡೆಯಿಲ್ಲ. ಮತ್ತೊಬ್ಬರು ಬೆವರು ಸುರಿಸಿ ಮಾಡಿದ ಇನ್ನೂರು ಸಾಲುಗಳ ಪಟ್ಟಿಯನ್ನು ಕಣ್ಣಿಟ್ಟು ಓದಿದ್ದು ಇಲ್ಲಿದೆ. ಹಾಗೆ ಓದುವುದೂ ಒಂದು ಪ್ರತಿಭೆಯೇ, ಬಹುಶಃ ಸೂತ್ರ ಹೊಳೆಯುವುದಕ್ಕಿಂತ ಅಪರೂಪದ್ದು.

ಪಟ್ಟಿಯಿಂದ ಕಂಡದ್ದಕ್ಕೆ ಪಟ್ಟಿಯ ಮಿತಿಯೂ ತಗುಲಿಕೊಂಡಿತ್ತು. ಐದು, ಏಳು, ಹನ್ನೊಂದರ ಎಲ್ಲ ಘಾತಗಳಿಗೂ ಇಂಥದೇ ನಿಯಮವಿದೆಯೆಂದು ರಾಮಾನುಜನ್ ಊಹಿಸಿದರು. 24ರ ವಿಭಜನೆಗಳು 25ರಿಂದಲೂ 47ರವು 49ರಿಂದಲೂ 99ರವು 125ರಿಂದಲೂ ಭಾಗವಾಗುತ್ತವೆ, ಊಹೆಗೆ ಆಧಾರವಿತ್ತು. ಏಳರ ಮೂರನೆಯ ಘಾತ 343ಕ್ಕೆ ಪರೀಕ್ಷೆಯಾಗಬೇಕಾದ ಮೊದಲ ಸಂಖ್ಯೆ 243. ಪಟ್ಟಿ 200ಕ್ಕೇ ನಿಂತಿತ್ತು. ಪಂಜಾಬಿನ ಹಂಸರಾಜ ಗುಪ್ತ ಅದನ್ನು 300ರವರೆಗೆ ಬೆಳೆಸಿದರು. ಆ ಹೊಸ ಪಟ್ಟಿಯನ್ನು ನೋಡಿ ಸರ್ವದಮನ ಚೌಲಾ 1934ರಲ್ಲಿ ತೋರಿಸಿದ್ದೇನೆಂದರೆ, 243ರ ವಿಭಜನೆಗಳ ಸಂಖ್ಯೆಯಾದ 13,39,78,25,93,44,888 ಎಂಬುದು 49ರಿಂದ ಭಾಗವಾಗುತ್ತದೆಯೇ ಹೊರತು 343ರಿಂದ ಆಗುವುದಿಲ್ಲ. 1938ರಲ್ಲಿ ವಾಟ್ಸನ್ ಐದರ ಘಾತಗಳಿಗೆ ಊಹೆಯನ್ನು ಸಾಧಿಸಿ ಏಳಕ್ಕೆ ತಿದ್ದಿದ ನಿಯಮವನ್ನು ಕೊಟ್ಟರು. 1967ರಲ್ಲಿ ಆಟ್ಕಿನ್ ಹನ್ನೊಂದರ ಘಾತಗಳನ್ನು ಪೂರೈಸಿದರು.

ಈ ಪ್ರಸಂಗ ಐತಿಹ್ಯದಲ್ಲಿ ಎಲ್ಲಿಯೂ ಇಲ್ಲ, ಇರುವುದಕ್ಕೂ ಸಾಧ್ಯವಿಲ್ಲ. ದೇವಿ ಹೇಳಿದ್ದು ತಪ್ಪಾಗಬಾರದು. ಆದ್ದರಿಂದ ತಪ್ಪಿದ ಊಹೆಯೊಡನೆ ಗುಪ್ತ, ಚೌಲಾ, ಮ್ಯಾಕ್‌ಮಹನ್ ಮೂವರೂ ಕಥೆಯಿಂದ ಹೊರಬೀಳುತ್ತಾರೆ. ಶುದ್ಧ ಪ್ರತಿಭೆಯ ಕಥನಕ್ಕೆ ತೆರಬೇಕಾದ ಬೆಲೆ ಇದು.

ಹಾಗೆಂದು ನಾಮಗಿರಿಯ ಕಥೆಯನ್ನು ಮೌಢ್ಯವೆಂದು ತಳ್ಳಿಹಾಕುವುದು ಅವಸರದ ತೀರ್ಮಾನವಾದೀತು. ಆ ದೇವಿಯ ಭಕ್ತಿ ರಾಮಾನುಜನ್ನರಿಗೆ ತಾಯಿಯ ಕಡೆಯಿಂದ ಬಂದದ್ದು. ಸಮುದ್ರ ದಾಟುವುದು ನಿಷಿದ್ಧವಾಗಿದ್ದ ಮನೆತನದಲ್ಲಿ, ಮಗನನ್ನು ತಡೆಯಬೇಡವೆಂದು ದೇವಿ ಕನಸಿನಲ್ಲಿ ಆಜ್ಞಾಪಿಸಿದಳೆಂದು ತಾಯಿ ಕೋಮಲತಮ್ಮಾಳ್ ಹೇಳಿದ ಮೇಲೆಯೇ 1914ರ ಮಾರ್ಚ್ 17ರಂದು ಹಡಗೇರುವುದು ಸಾಧ್ಯವಾಯಿತು. ಕಟ್ಟಳೆಯನ್ನು ಮುರಿಯಲು ಕಟ್ಟಳೆಗಿಂತ ಮೇಲಿನ ಅಪ್ಪಣೆ ಬೇಕು. ಮನೆಯ ಹೆಣ್ಣುಮಕ್ಕಳು ದೈವದ ಬಾಯಿಂದ ಅದನ್ನು ಪಡೆಯುವುದು ನಮ್ಮ ಸಮಾಜದ ಹಳೆಯ ದಾರಿ. ಈ ಕನಸಿಗೆ ಸಾಮಾಜಿಕವಾದ ಕೆಲಸವಿತ್ತು, ಅದನ್ನದು ನೆರವೇರಿಸಿತು. ಸೂತ್ರದ ಕನಸಿಗೆ ಅಂಥ ಕೆಲಸವಿಲ್ಲ. ಎರಡು ಕನಸುಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದು ನಂತರದ ಜೀವನಚರಿತ್ರಕಾರರ ಅವಿವೇಕ.

ಹಾರ್ಡಿಯವರ ನಿಲುವು ಇದರ ಇನ್ನೊಂದು ತುದಿ. ರಾಮಾನುಜನ್ನರ ಧರ್ಮ ಆಚರಣೆಗೆ ಸೀಮಿತವಾಗಿತ್ತು, ಬೌದ್ಧಿಕ ನಂಬಿಕೆಯಾಗಿರಲಿಲ್ಲ ಎಂದು ಅವರು ವಾದಿಸಿದರು. ಆದರೆ ಯುರೋಪಿನ ಸಂಚಿತ ಜ್ಞಾನದೆದುರು ಒಂಟಿಯಾಗಿ ನಿಂತ ಬಡ ಹಿಂದೂ ಎಂಬ ಚಿತ್ರವನ್ನು ಕೊಟ್ಟವರೂ ಅವರೇ. ಅದೂ ಐತಿಹ್ಯವೇ, ದೇವಿಯಿಲ್ಲದ ಐತಿಹ್ಯ. ಈ ಎರಡು ತುದಿಗಳ ನಡುವೆ ಯೋಚಿಸಲು ಮೈಸೂರಿನ ಮತ್ತೊಬ್ಬ ರಾಮಾನುಜನ್ ನೆರವಾಗುತ್ತಾರೆ. ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ನರ ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರಾಗಿದ್ದವರು. ಖಗೋಲವಿಜ್ಞಾನವನ್ನೂ ಜ್ಯೋತಿಷ್ಯವನ್ನೂ ಜೊತೆಜೊತೆಗೆ ಇಟ್ಟುಕೊಂಡಿದ್ದವರು. ಭಾರತೀಯ ಚಿಂತನಕ್ರಮವನ್ನು ಕುರಿತ 1989ರ ಪ್ರಬಂಧದಲ್ಲಿ ಮಗ ಇದನ್ನು ವಿರೋಧಾಭಾಸವೆಂದು ಬಿಡದೆ, ಸಂದರ್ಭಕ್ಕೆ ತಕ್ಕಂತೆ ಬದಲಾಗುವ ವಿವೇಕವೆಂದು ವಿಶ್ಲೇಷಿಸಿದ್ದಾರೆ. ಕುಂಭಕೋಣದ ರಾಮಾನುಜನ್ ದೇವಿಗೆ ಕೈಮುಗಿದದ್ದೂ ನಿಜ, ಪಟ್ಟಿಯನ್ನು ಸಾಲುಸಾಲಾಗಿ ಪರಿಶೀಲಿಸಿದ್ದೂ ನಿಜ. ಒಂದರಿಂದ ಇನ್ನೊಂದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ಈ ಚರ್ಚೆ ಜಾನಪದ ಅಧ್ಯಯನದ ಹೊಸ್ತಿಲಿಗೂ ಬಂದು ನಿಲ್ಲುತ್ತದೆ. ಮಲೆಮಾದೇಶ್ವರ, ಮಂಟೇಸ್ವಾಮಿ ಕಾವ್ಯಗಳನ್ನು ಹಾಡುವ ಕಂಸಾಳೆಯವರನ್ನೂ ನೀಲಗಾರರನ್ನೂ ಅನಕ್ಷರಸ್ಥ ಪ್ರತಿಭೆ, ಸಹಜ ಕವಿ, ದೈವದತ್ತ ಕಂಠ ಎಂದು ಬಣ್ಣಿಸುವ ರೂಢಿ ನಮ್ಮ ಸಂಗ್ರಹಗಳ ಮುನ್ನುಡಿಗಳಲ್ಲಿ ಇನ್ನೂ ಹೋಗಿಲ್ಲ. ಕಲಾವಿದರು ಹಾಡಿನ ಆರಂಭದಲ್ಲಿ ದೈವವನ್ನು ನೆನೆದು ಎಲ್ಲವೂ ನಿನ್ನದೇ ಎನ್ನುವುದು ಅವರ ವಿನಯ. ಅದನ್ನೇ ಹಿಡಿದು ಗುರುವಿನ ಹಿಂದೆ ವರ್ಷಗಟ್ಟಲೆ ತಿರುಗಿ, ಕೇಳಿ, ಸೋತು ಕಲಿತ ಕಲಿಕೆಯನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಅದು ಅನ್ಯಾಯ. ಕಲಿಕೆಯಿಲ್ಲದ ಕಲೆಗೆ ಸಂಭಾವನೆಯೂ ಬೇಕಿಲ್ಲವೆಂಬ ಧೋರಣೆಗೆ ಇಲ್ಲಿಂದ ದೂರವಿಲ್ಲ. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ಗಾಯಕರಲ್ಲಿ ಗುರುತಿಸಿದ್ದು ಸೂತ್ರಗಳನ್ನೇ, ಅವುಗಳ ದೀರ್ಘ ಅಭ್ಯಾಸವನ್ನೇ. ಗಣಿತಕ್ಕೂ ಮೌಖಿಕ ಕಾವ್ಯಕ್ಕೂ ಕನ್ನಡದಲ್ಲಿ ಸೂತ್ರವೆಂಬ ಒಂದೇ ಪದ ಒದಗಿರುವುದು ಕಾಕತಾಳೀಯವಾಗಿರಬಹುದು, ಆದರೂ ಉಪಯುಕ್ತ.

1985ರಿಂದ 1998ರವರೆಗೆ ಬ್ರೂಸ್ ಬರ್ಂಟ್ ಐದು ಸಂಪುಟಗಳಲ್ಲಿ ರಾಮಾನುಜನ್ನರ ನೋಟ್‌ಪುಸ್ತಕಗಳ ಒಂದೊಂದು ಫಲಿತಕ್ಕೂ ಸಾಧನೆಯನ್ನು ಒದಗಿಸಿದ್ದು, ಒಂದರ್ಥದಲ್ಲಿ ಒರೆಸಿಹೋದ ಹಲಗೆಯನ್ನು ಮತ್ತೆ ಬರೆದಂತೆ. ವಿಭಜನೆಯ ವಿಷಯದಲ್ಲಿಯೂ ಈ ಬಗೆಯ ಕೆಲಸ ಮುಂದುವರಿಯಿತು. 4ರ ಐದು ವಿಭಜನೆಗಳಲ್ಲಿ ಅತಿ ದೊಡ್ಡ ಭಾಗದಿಂದ ಭಾಗಗಳ ಸಂಖ್ಯೆಯನ್ನು ಕಳೆದರೆ 3, 1, 0, -1, -3 ಬರುತ್ತವೆ. 5ರಿಂದ ಭಾಗಿಸಿದಾಗ ಉಳಿಯುವ ಶೇಷಗಳು ಐದೂ ಬೇರೆಬೇರೆ. ಐದರ ಭಾಜ್ಯತೆಗೆ ಇಂಥದೊಂದು ಹಂಚಿಕೆಯೇ ಕಾರಣವಿರಬೇಕೆಂದು 1944ರಲ್ಲಿ ಫ್ರೀಮನ್ ಡೈಸನ್ ಊಹಿಸಿದರು. 1954ರಲ್ಲಿ ಅದು ಸಾಧಿತವಾಯಿತು. ಹನ್ನೊಂದಕ್ಕೆ ತಕ್ಕ ಅಳತೆಗೋಲು ಸಿಕ್ಕಲು 1988ರಲ್ಲಿ ಆಂಡ್ರ್ಯೂಸ್ ಮತ್ತು ಗಾರ್ವನ್ನರವರೆಗೆ ಕಾಯಬೇಕಾಯಿತು. 5, 7, 11 ಈ ಮೂರು ಅವಿಭಾಜ್ಯ ಸಂಖ್ಯೆಗಳನ್ನು ಬಿಟ್ಟರೆ ಇಷ್ಟು ಸರಳವಾದ ನಿಯಮ ಬೇರಾವುದಕ್ಕೂ ಇರುವಂತೆ ತೋರುವುದಿಲ್ಲ ಎಂದು ರಾಮಾನುಜನ್ 1919ರಲ್ಲಿ ಎಚ್ಚರಿಕೆಯ ಮಾತಿನಲ್ಲಿ ಬರೆದಿದ್ದರು. ಆಲ್‌ಗ್ರೆನ್ ಮತ್ತು ಬಾಯ್ಲನ್ ಅದನ್ನು ಸಾಧಿಸಿ ಪ್ರಕಟಿಸಿದ್ದು 2003ರಲ್ಲಿ.